ಮೂರೆಳೆಯ ಜೋಡು

ನಿಪ್ಪಾಣಿ
೨ ಮೇ ೨೦೧೬, ಸೋಮವಾರ

ಫೋನ್ ಎತ್ತದ, ಆದರೂ ಮನಸ್ಸಿನಿಂದ ಇಳಿಯದ ಸಾರಿಕಾಳಿಗೆ,

ನಿನ್ನ ಗಂಡ ಸಮಾಧಾನ ಬರೆಯುತ್ತಿದ್ದೇನೆ. ಈ ಹೆಸರಿಡುವಾಗ ನಮ್ಮವ್ವನಿಗೆ ಎಲ್ಲಿಯ ಧೈರ್ಯವಿತ್ತೋ! ಮೂವತ್ತೊಂಬತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ, ಹೆಸರು ಮೈಮೇಲಿದೆಯೇ ಹೊರತು ಒಳಗೆ ಇಳಿದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ಸಮಾಧಾನ. ಉಳಿದ ಕಡೆಯೆಲ್ಲ ಅದರ ಮುಂದೆ ಒಂದು ‘ಅ’ ಸೇರಿಸಿ ಓದಿಕೊಳ್ಳಬೇಕು.

ನೀನು ಸಪನಾಳನ್ನು ಕರೆದುಕೊಂಡು ಮಂಗಸೂಳಿಯ ತವರಿಗೆ ಹೋಗಿ ಇಂದಿಗೆ ಇಪ್ಪತ್ತೊಂದು ದಿನ. ಫೋನ್ ಮಾಡಿದಾಗಲೆಲ್ಲ ಒಬ್ಬಳೇ ಹೆಂಗಸು ಎತ್ತುತ್ತಾಳೆ. ‘ನೀವು ಕರೆ ಮಾಡಿದ ಚಂದಾದಾರರು’ ಎಂದು ಶುರು ಮಾಡುವವಳು. ಮೊದಲು ಅವಳ ಮೇಲೆ ಸಿಟ್ಟು ಬರುತ್ತಿತ್ತು. ಈಗ, ಇವಳಾದರೂ ದಿನಕ್ಕೆರಡು ಸಲ ನನ್ನೊಡನೆ ಮಾತಾಡುತ್ತಾಳಲ್ಲ ಎಂದುಕೊಂಡು ಇಡುತ್ತೇನೆ. ಜೋಡು ಹೊಲಿಯುವವರ ಮನೆಯಲ್ಲಿ ಜೋಡಿಯೇ ಹರಿದು ಕೂತಿದೆ.

ನೋಡು, ಮತ್ತೆ ಮಾತಿನ ಆಟ ಶುರುವಾಯಿತು. ಈ ಪತ್ರ ಓದುವಾಗ ನಿನಗೆ ಎಲ್ಲಿಯಾದರೂ ನಗು ಬಂದರೆ ಅಲ್ಲಿ ನಾನು ಏನನ್ನೋ ಬಚ್ಚಿಡುತ್ತಿದ್ದೇನೆ ಎಂದು ತಿಳಿ. ಸಪನಾಳ ಕೈಗೆ ಇದನ್ನು ಕೊಡಬೇಡ. ಅವಳಿಗೆ ಇನ್ನೂ ಅಪ್ಪ ಎಂದರೆ ಸರ್.

ಬರೆಯಲು ಕಾರಣ ನಿನ್ನ ಜೊತೆ ಹೆಣಿಗೆಗೆ ಕೂರುತ್ತಿದ್ದ ತುಳಸವ್ವ. ಹೋಗುವ ದಿನ ನೀನು ಅವಳ ಮನೆಯ ಮುಂದೆ ನಿಂತು, ‘ಹನ್ನೆರಡು ಮಂದಿ ಹೆಣ್ಣಮಕ್ಕಳ ಅನ್ನಕ್ಕ ಮಣ್ಣ ಹಾಕಿದಿ’ ಎಂದು ಅಂದದ್ದನ್ನು ಓಣಿಯೆಲ್ಲ ಕೇಳಿತು. ಆ ಫೋಟೋ ಅವಳಿಂದ ಹೋದದ್ದಲ್ಲ. ಯಾರಿಂದ ಹೋಯಿತು ಎಂಬುದಕ್ಕೆ ಬರುತ್ತೇನೆ. ಪೀಠಿಕೆ ಇಲ್ಲದೆ ಪಾಠಕ್ಕೆ ಇಳಿಯಲು ಮೇಷ್ಟ್ರಿಗೆ ಬರುವುದಿಲ್ಲ.

ನನಗೆ ಹೊಟ್ಟೆಕಿಚ್ಚು ಹತ್ತಿದ ದಿನವನ್ನು ತೋರಿಸಿ ಹೇಳಬಲ್ಲೆ. ಕಳೆದ ಆಗಸ್ಟಿನಲ್ಲಿ ಅಂಚೆಯವನು ನಿನ್ನ ಪಾಸ್‌ಪೋರ್ಟ್ ತಂದ ದಿನ. ನಾನು ಅಂಗಳದಲ್ಲಿ ಕೂತು ಅಟ್ಟೆ ಕತ್ತರಿಸುತ್ತಿದ್ದೆ. ಅವನು ಲಕೋಟೆ ಹಿಡಿದು, ‘ಸರ್, ಪರದೇಶಕ್ಕ ಹೊಂಟೀರೇನ್ರಿ?’ ಎಂದ. ನಾನು ಎದ್ದು ಸಹಿಗೆ ಕೈ ಚಾಚಿದೆ. ಅವನು ಹೆಸರು ಓದಿ ಕೈ ಹಿಂದೆಳೆದುಕೊಂಡ. ‘ನಿಮ್ಮದಲ್ರಿ, ಬಾಯಾರದು. ಬಾಯಾರ ಸಹಿ ಬೇಕು.’ ನೀನು ಬಣ್ಣದ ಕೈ ಒರೆಸಿಕೊಳ್ಳುತ್ತ ಬಂದು ಸಹಿ ಮಾಡಿದೆ. ಬಿ.ಎ. ಪಾಸಾದವನಿಗೆ ಬಸ್ ಪಾಸ್, ಏಳನೆಯ ಇಯತ್ತೆಯವಳಿಗೆ ಪಾಸ್‌ಪೋರ್ಟ್ ಎಂದು ನಾನೇ ಹೇಳಿ ನಾನೇ ಮೊದಲು ನಕ್ಕೆ. ನೀನೂ ನಕ್ಕೆ. ಆ ನಗುವಿನ ಅಡಿಯಲ್ಲಿ ಕಡ್ಡಿ ಗೀರಿದ್ದು ನಿನಗೆ ಕಾಣಲಿಲ್ಲ.

ಯಾಕೆಂದರೆ ಜಗತ್ತು ನನ್ನದಾಗಿತ್ತು, ಸಾರಿಕಾ. ತೊಂಬತ್ತೆಂಟರಲ್ಲಿ ಚಿಕ್ಕೋಡಿಯ ಕಾಲೇಜಿನಲ್ಲಿ ರಸಪ್ರಶ್ನೆಯಲ್ಲಿ ಮೊದಲ ಬಹುಮಾನ ಪಡೆದವನು ನಾನು. ಬಹುಮಾನವಾಗಿ ಕೊಟ್ಟ ಆ ಧ್ವಜಗಳ ಪುಸ್ತಕ ನಿನ್ನ ಮದುವೆಯ ಸೀರೆಯ ಕೆಳಗೆ ಟ್ರಂಕಿನಲ್ಲಿ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ನೀನು ಅದನ್ನು ತೊಡೆಯ ಮೇಲೆ ಬಿಚ್ಚಿಕೊಂಡು, ‘ಹಸರು, ಬಿಳಿ, ಕೆಂಪು, ನಡು ಹದ್ದು’ ಎಂದು ಕೇಳುತ್ತಿದ್ದೆ. ನಾನು ಕಣ್ಣು ಮುಚ್ಚಿ ‘ಮೆಕ್ಸಿಕೋ’ ಎನ್ನುತ್ತಿದ್ದೆ. ನೂರ ತೊಂಬತ್ತು ರಾಜಧಾನಿಗಳು ನನ್ನ ನಾಲಗೆಯ ಮೇಲಿದ್ದವು. ಕಾಲಿಟ್ಟದ್ದು ಮಾತ್ರ ಒಂದರಲ್ಲಿ, ಅದೂ ರಾಜ್ಯದ್ದು: ಬೆಂಗಳೂರು, ಶಿಕ್ಷಕರ ತರಬೇತಿಗೆ, ನಾಲ್ಕು ದಿನ, ಅದರಲ್ಲಿ ಎರಡು ದಿನ ಹೊಟ್ಟೆ ಕೆಟ್ಟಿತ್ತು. ನೀನು ದಿಲ್ಲಿಯ ಮೇಳದಲ್ಲಿ ನೆಲದ ಮೇಲೆ ಕೂತು ಹೆಣೆಯುತ್ತಿದ್ದುದನ್ನು ಕಂಡ ಐರ್ಲೆಂಡಿನ ವ್ಯಾಪಾರಿ ಕಾನರ್ ನಿನ್ನನ್ನು ಎಂಟು ದಿನದ ಮಟ್ಟಿಗೆ ಡಬ್ಲಿನ್ನಿಗೆ ಕರೆಸಿಕೊಂಡ. ನಾನು ಬಾಯಿಪಾಠ ಮಾಡಿದ ಊರಿನಲ್ಲಿ ನೀನು ಚಹಾ ಕುಡಿದು ಬಂದೆ. ಬಂದವಳು, ‘ಚಾ ಬಾಳ ಸಪ್ಪನ ಇತ್ರಿ’ ಎಂದೆ. ರಾಜಧಾನಿಯ ಬಗ್ಗೆ ನನ್ನ ಹತ್ತಿರ ಇಲ್ಲದ ಮಾಹಿತಿ ಅದು.

ಅದಾದರೂ ನುಂಗಬಹುದಿತ್ತು. ನುಂಗಲಾಗದ್ದು ನೀನು ಆಮೇಲೆ ಹೇಳಿದ ಮಾತು. ನೀರೊಲೆಯ ಮುಂದೆ ಕೂತು ನೀನು ಹೇಳಿದೆ: ‘ಅಲ್ಲೆ ಎಲ್ಲಾರೂ ನನಗ ಇಂಡಿಯಾ ಅಂತಿದ್ರುರಿ. ಇಂಡಿಯಾ ಬಂದ್ಲು, ಇಂಡಿಯಾನ ಕೇಳ್ರಿ, ಇಂಡಿಯಾ ಊಟ ಮಾಡಿಲ್ಲ. ಹೆಸರು ಬರತಿದ್ದಿಲ್ಲ ಅವರ ಬಾಯಾಗ.’

ನೀನು ಅದನ್ನು ತಮಾಷೆಗೆ ಹೇಳಿದೆ. ನನಗೆ ಅಂದು ಊಟ ಸೇರಲಿಲ್ಲ. ನನ್ನನ್ನು ಯಾರಾದರೂ ಹಾಗೆ ಕರೆದಿದ್ದಾರೆಯೇ? ನಿಪ್ಪಾಣಿಯಲ್ಲಿ ನಾನು ಬಾಯಿ ತೆರೆದರೆ ಕನ್ನಡದವನೋ ಮರಾಠಿಯವನೋ ಎಂದು ನೋಡುತ್ತಾರೆ. ಬಾಯಿ ಮುಚ್ಚಿದರೆ ಯಾವ ಓಣಿ ಎಂದು ಕೇಳುತ್ತಾರೆ. ಓಣಿ ಹೇಳಿದರೆ ಮುಂದೆ ಏನೂ ಕೇಳುವುದಿಲ್ಲ, ಗೊತ್ತಾಗಿಬಿಡುತ್ತದೆ. ಹದಿನಾಲ್ಕು ವರ್ಷದಿಂದ ಆಗಸ್ಟ್ ಹದಿನೈದಕ್ಕೆ ಮಕ್ಕಳಿಗೆ ದೇಶದ ಭಾಷಣ ಬರೆದುಕೊಡುತ್ತಿರುವವನು ನಾನು. ಆ ದೇಶ ಏಳು ಸಮುದ್ರ ದಾಟಿ ಹೋಗಿ ನಿನ್ನ ಹಣೆಗೆ ತನ್ನ ಹೆಸರು ಅಂಟಿಸಿತು. ಗಂಡಸರಿಗೆ ಹೆಂಡತಿಯ ಜೊತೆ ಮಾತಾಡಿದವನ ಮೇಲೆ ಹೊಟ್ಟೆಕಿಚ್ಚು ಬರುತ್ತದಂತೆ. ನನಗೆ ಬಂದದ್ದು ದೇಶದ ಮೇಲೆ.

ದೇಶಕ್ಕೆ ಮುಖವಿಲ್ಲವಾದ್ದರಿಂದ ಆ ಕಿಚ್ಚನ್ನು ಕಾನರ್‌ನ ಮುಖಕ್ಕೆ ತಿರುಗಿಸಿದೆ. ಅವನಿಗೆ ಅರವತ್ತು ದಾಟಿದೆ, ತಲೆ ಬೋಳು, ಫೋಟೋದಲ್ಲಿ ಹೆಂಡತಿಯೂ ನಾಯಿಯೂ ಇದ್ದಾರೆ, ಆದರೂ ಬಿಡಲಿಲ್ಲ. ಅವನ ಮೇಲ್‌ಗಳು ನನ್ನ ಮೊಬೈಲಿಗೇ ಬರುತ್ತಿದ್ದವಲ್ಲ? ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಅವನು ಎಂಟು ಸಾಲು ಬರೆದರೆ ನಾನು, ‘ಮಾಲು ಮುಟ್ಟಿತಂತೆ, ಚಲೋ ಐತಂತೆ’ ಎನ್ನುತ್ತಿದ್ದೆ. ನೀನು ಪರದೆಯನ್ನು ಇಣುಕಿ, ‘ಇಷ್ಟುದ್ದ ಬರದಾನ, ಇಷ್ಟ ಏನ್ರಿ?’ ಎಂದು ಕೇಳುತ್ತಿದ್ದೆ. ಇಂಗ್ಲಿಷ್ ಹಾಗೆಯೇ, ಮಾತು ಬಹಳ ಅರ್ಥ ಕಡಿಮೆ ಎಂದೆ. ಇಡೀ ಭಾಷೆಯ ಮೇಲೆ ಸುಳ್ಳು ಹೊರಿಸಿದವನಿಗೆ ತುಳಸವ್ವ ಯಾವ ಲೆಕ್ಕ?

ಜನವರಿಯಲ್ಲಿ ಆ ಆರ್ಡರ್ ಬಂತು. ಜೂನಿನಲ್ಲಿ ಫ್ರಾನ್ಸಿನಲ್ಲಿ ಫುಟ್‌ಬಾಲ್ ಪಂದ್ಯಗಳಿವೆ, ಐರ್ಲೆಂಡಿನವರು ಹೋಗುತ್ತಾರೆ, ಅವರಿಗೆ ತಮ್ಮ ಧ್ವಜದ ಬಣ್ಣದ ಜೋಡು ಬೇಕು ಎಂದು ಬರೆದಿದ್ದ. ಹಸಿರು, ಬಿಳಿ, ಕಿತ್ತಳೆ. ಮೂರೆಳೆಯ ಹೆಣಿಗೆ, ನೂರಿಪ್ಪತ್ತು ಜೋಡು. ನೀನು ಡಬ್ಲಿನ್ನಿನಲ್ಲಿ ಆ ಧ್ವಜವನ್ನು ನೋಡಿಬಂದಿದ್ದೆ. ಹಸಿರಿನವರಿಗೂ ಕಿತ್ತಳೆಯವರಿಗೂ ಹಿಂದೆ ಬಹಳ ಜಗಳವಿತ್ತಂತೆ, ನಡುವಿನ ಬಿಳಿ ರಾಜಿಯಂತೆ ಎಂದು ಹೇಳಿ, ‘ನಮ್ಮಲ್ಲೂ ನವೆಂಬರ್ ಬಂತಂದ್ರ ಕನ್ನಡ ಮರಾಠಿ ಅಂತ ಬಸ್ಸು ನಿಲ್ತಾವ. ನಡು ಒಂದು ಬಿಳೀ ಎಳಿ ನಮಗೂ ಬೇಕಿತ್ರಿ’ ಎಂದೆ. ನೂರ ತೊಂಬತ್ತು ಧ್ವಜ ಬಲ್ಲವನಿಗೆ ಒಂದು ಧ್ವಜದ ಬಗೆಗೂ ಅಂಥ ಮಾತು ಹೊಳೆದಿರಲಿಲ್ಲ. ಅದಕ್ಕೂ ಉರಿಯಿತು.

ಬಣ್ಣ ಕಲಸುವ ಮೊದಲು ನೀನು ನನ್ನನ್ನು ಒಂದು ಮಾತು ಕೇಳಿದ್ದೆ. ‘ಅಲ್ರೀ, ಇವು ಮೂರೂ ನಮ್ಮ ಝಂಡಾದಾಗೂ ಅದಾವ. ಕಾಲಾಗ ಹಾಕೂದು. ಏನರ ತ್ರಾಸ ಆದೀತೇನು?’ ಅವರ ಧ್ವಜ ನಿಂತಿರುತ್ತದೆ, ನಮ್ಮದು ಮಲಗಿರುತ್ತದೆ, ನಮ್ಮದರಲ್ಲಿ ಚಕ್ರವಿದೆ, ಅವರದರಲ್ಲಿ ಇಲ್ಲ, ಏನೂ ಆಗದು, ಮಾಡು ಎಂದೆ. ಆಗುತ್ತದೆ ಎಂದು ನನಗೆ ಗೊತ್ತಿತ್ತು. ಚಕ್ರವಿರದಿದ್ದರೂ ತಲೆ ತಿರುಗುವವರು ಊರಲ್ಲಿದ್ದಾರೆ ಎಂಬುದೂ ಗೊತ್ತಿತ್ತು.

ಇನ್ನು ಪೀಠಿಕೆ ಉಳಿದಿಲ್ಲ.

ಯುಗಾದಿಯ ದಿನ ಮುಗಿದ ಜೋಡುಗಳನ್ನು ನೀವು ಅಂಗಳದಲ್ಲಿ ಒಣಗಲಿಟ್ಟಿದ್ದಿರಿ. ತುಳಸವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಹೆಣಿಗೆ ಸಮವಾಗಿದೆಯೇ ನೋಡುತ್ತಿದ್ದಳು. ಅವಳ ಮುಂಗೈಯ ಹಚ್ಚೆ, ಆ ತುಳಸಿ ಕಟ್ಟೆ, ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಹಿಂದಿನಿಂದ ಫೋಟೋ ತೆಗೆದೆ. ಬಸ್ ಸ್ಟ್ಯಾಂಡಿನಲ್ಲಿ ಛತ್ರಿಯ ಕೆಳಗೆ ಮಾರುವವನಿಂದ ಹೊಸ ಸಿಮ್ ಕೊಂಡೆ. ಫೋಟೋವನ್ನು ಮೇಲಿನ ಓಣಿಯ ತರುಣ ಮಂಡಳದ ಬಾಳಾಸಾಬನಿಗೆ ಕಳಿಸಿದೆ. ಕೆಳಗೆ ಎರಡೇ ಪದ ಬರೆದೆ: ‘ಧ್ವಜ ಕಾಲಿಗೆ?’ ಪ್ರಶ್ನೆ ಕೇಳುವುದು ಮೇಷ್ಟ್ರ ಕೆಲಸ ತಾನೇ ಎಂದು ಸಮರ್ಥಿಸಿಕೊಂಡೆ. ಆಮೇಲೆ ಸಿಮ್ಮನ್ನು ನಿನ್ನ ಹಸಿರು ಬಣ್ಣದ ಬಾನಿಯಲ್ಲಿ ಹಾಕಿದೆ.

ಫೋಟೋ ಎಲ್ಲರ ಫೋನಿಗೆ ಬಂದಾಗ ನೀನು ನೋಡಿದ್ದು ಹಚ್ಚೆಯ ಕೈ. ಕೈ ಅವಳದು ಎಂದಮೇಲೆ ಕೆಲಸವೂ ಅವಳದೇ ಎಂದು ನೀನು ಅಂದುಕೊಂಡೆ. ಹಚ್ಚೆ ಅವಳದು, ಕಿಚ್ಚು ನನ್ನದು. ಹಚ್ಚಿದವನು ನಾನು.

ಏಪ್ರಿಲ್ ಹತ್ತರ ಭಾನುವಾರ ಮಧ್ಯಾಹ್ನ ಮೂವತ್ತು ಜನ ಅಂಗಳಕ್ಕೆ ಬಂದದ್ದು ನಿನಗೇ ಗೊತ್ತು. ನನ್ನ ಕಡೆಯಿಂದ ಹೇಗಿತ್ತು ಎಂಬುದನ್ನು ಕೇಳು. ನೀನು ಬಾಗಿಲಲ್ಲಿ ನಿಂತು, ಇದು ನಮ್ಮ ಝಂಡಾ ಅಲ್ಲ, ಐರ್ಲೆಂಡಿನದು, ನಾನೇ ಕಣ್ಣಾರೆ ನೋಡಿ ಬಂದೇನಿ ಎಂದು ಕೂಗಿ ಹೇಳುತ್ತಿದ್ದೆ. ಯಾರೋ, ‘ಅಂಥಾ ದೇಶ ಎಲ್ಲೈತಿ?’ ಎಂದರು. ಇನ್ನೊಬ್ಬ, ‘ವಿಮಾನ ಹತ್ತಿ ಬಂದಾಳಲ್ಲ, ಈಗ ಅವರ ಕಡೆನ ಮಾತಾಡ್ತಾಳ’ ಎಂದ. ಬಾಳಾಸಾಬ ಅವರನ್ನೆಲ್ಲ ಸುಮ್ಮನಿರಿಸಿದ. ಅವನು ಕೆಟ್ಟವನಲ್ಲ, ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ. ನನ್ನೆದುರು ಬಂದು ಕೈಮುಗಿದ. ‘ಸರ್, ಜಗತ್ತಿನ ಝಂಡಾ ಎಲ್ಲಾ ನಿಮಗ ಗೊತ್ತದಾವಂತ ಹುಡುಗೂರು ಹೇಳ್ತಾರ. ನೀವ ಹೇಳ್ರಿ. ಬಾಯಾರು ಹೇಳೂದು ಖರೇ ಏನ್ರಿ? ನೀವು ಹೂಂ ಅಂದ್ರ ನಾವು ಹೊಳ್ಳಿ ಹೋಗ್ತೇವಿ.’

ಹೂಂ. ಒಂದೇ ಅಕ್ಷರ, ಅದಕ್ಕೊಂದು ಸೊನ್ನೆ. ನೀನು ನನ್ನತ್ತ ತಿರುಗಿ ನಿಶ್ಚಿಂತಳಾಗಿ ನಿಂತೆ, ಸಾರಿಕಾ. ಆ ಮುಖವನ್ನು ನಾನು ಈ ಇಪ್ಪತ್ತೊಂದು ದಿನದಲ್ಲಿ ಒಮ್ಮೆಯೂ ಮರೆತಿಲ್ಲ. ಗೆದ್ದೆವು ಎಂದುಕೊಂಡ ಮುಖ. ನಾನು, ‘ನೆನಪಾಗುತ್ತಿಲ್ಲ, ಪುಸ್ತಕ ನೋಡಬೇಕು’ ಎಂದೆ.

ನೀನು ಓಡಿಹೋಗಿ ಟ್ರಂಕು ತೆಗೆದು ಪುಸ್ತಕ ತಂದೆ. ಬಾಳಾಸಾಬ ಹಾಳೆ ತಿರುವಿದ. ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಐಸ್‌ಲೆಂಡ್ ಆದ ಮೇಲೆ ಒಮ್ಮೆಲೇ ಜಮೈಕಾ ಬಂತು, ನಡುವಿನ ಹಾಳೆ ಇರಲಿಲ್ಲ. ‘ಬಾಯಾರ, ನಿಮ್ಮ ಐರ್ಲೆಂಡ್ ಹೋಗ್ಲಿ, ಇದರಾಗ ಇಂಡಿಯಾನ ಇಲ್ಲಲ್ರಿ! ನಮ್ಮ ದೇಶನ ಇಲ್ಲದ ಪುಸ್ತಕ ತಂದು ನಮಗ ಸಾಕ್ಷಿ ತೋರಸ್ತೀರಿ?’ ಎಂದ. ಮೂವತ್ತು ಜನರೂ ನಕ್ಕರು. ಹಳೆಯ ಪುಸ್ತಕ, ಟ್ರಂಕಿನಲ್ಲಿ ಇಲಿಗಳ ಕಾಟ ಎಷ್ಟೆಂದು ನಿನಗೂ ಗೊತ್ತಿದೆ. ಆ ವಿಷಯ ಬಿಡು. ಪುಸ್ತಕವಿಲ್ಲದೆಯೂ ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ, ಒಪ್ಪಿಕೊಳ್ಳಬೇಕಾದದ್ದು ಅದು.

ಆಮೇಲಿನದು ಯಾರೂ ನನಗೆ ಹೇಳಿ ಮಾಡಿಸಿದ್ದಲ್ಲ. ಅವರು ಜೋಡುಗಳನ್ನು ಸ್ಟೇಷನ್ನಿಗೆ ಒಯ್ಯುತ್ತೇವೆ ಎಂದರು. ನಾನು ಒಳಗಿನಿಂದ ನಮ್ಮಪ್ಪನ ರಂಪಿಗೆ ತಂದೆ. ತೊಗಲು ಕೊಯ್ಯುವ ಅದೇ ರಂಪಿಗೆಯಿಂದ ಮೊದಲ ಜೋಡಿನ ಹೆಣಿಗೆಯನ್ನು ಸರ್ರನೆ ಕೊಯ್ದೆ. ಹಸಿರು, ಬಿಳಿ, ಕಿತ್ತಳೆ ಮೂರೂ ಬೇರೆಬೇರೆಯಾಗಿ ನೆಲಕ್ಕೆ ಬಿದ್ದವು. ಚಪ್ಪಾಳೆ ಬಂತು. ನೂರಿಪ್ಪತ್ತು ಜೋಡು ಕೊಯ್ಯಲು ಒಂದು ತಾಸು ಹಿಡಿಯಿತು. ರಂಪಿಗೆ ಹಿಡಿದವನು ರಂಪ ಮಾಡುತ್ತ ಕೂತಿದ್ದೆ. ಹೆಣೆದ ಹನ್ನೆರಡು ಹೆಂಗಸರೂ ಬೇಲಿಯ ಆಚೆ ನಿಂತು ನೋಡಿದರು. ನೀನು ಮಾತ್ರ ಒಳಗೆ ಹೋಗಿ ಸಪನಾಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ.

ಯಾಕೆ ಕೊಯ್ದೆ ಗೊತ್ತೇ? ಮುಂದಿನ ಭಾನುವಾರ ಮಂಡಳದವರು ನನ್ನನ್ನು ಮೇಲಿನ ಓಣಿಗೆ ಕರೆದು ಶಾಲು ಹೊದಿಸಿದರು. ನಮ್ಮ ಓಣಿಯವನನ್ನು ಅವರು ಆ ಕಟ್ಟೆಯ ಮೇಲೆ ಕೂರಿಸಿದ್ದು ಅದೇ ಮೊದಲು. ‘ದೇಶ ಮೊದಲು, ಹೆಂಡತಿ ಆಮೇಲೆ ಅಂತ ತೋರಿಸಿದ ಸರ್’ ಎಂದರು. ಹಾರ ಹಾಕಿದರು. ಚಹಾ ಕೊಟ್ಟರು, ಅವರೇ ಕುಡಿಯುವ ಕಪ್ಪಿನಲ್ಲಿ ಕೊಟ್ಟರು. ನಿನಗೆ ಐರ್ಲೆಂಡಿನಲ್ಲಿ ಸಿಕ್ಕದ್ದು ನನಗೆ ಅಂತೂ ಎರಡು ಓಣಿ ದಾಟಿ ಸಿಕ್ಕಿತು. ಚಹಾ ಚೆನ್ನಾಗಿತ್ತು, ಸಪ್ಪಗಿರಲಿಲ್ಲ.

ಹೋದ ಮಂಗಳವಾರ ಪೇಟೆಯಿಂದ ಬರುವಾಗ ತುಳಸವ್ವನ ಬಾಗಿಲಲ್ಲಿ ತಂಬಾಕಿನ ವಾಸನೆ ಬಂತು. ಮಡಿಲಲ್ಲಿ ಮೊರ ಇಟ್ಟುಕೊಂಡು ಅವಳು ಮತ್ತೆ ಬೀಡಿ ಕಟ್ಟುತ್ತಿದ್ದಳು. ಕೆಮ್ಮು ಹೆಚ್ಚಾಯಿತೆಂದು ಬಿಡಿಸಿ ಅವಳನ್ನು ಹೆಣಿಗೆಗೆ ಕರೆತಂದವಳು ನೀನು. ನೀನು ಆಡಿದ ಮಾತಿನ ಮೇಲೆ ಉಳಿದ ಹೆಂಗಸರು ಯಾರೂ ಅವಳನ್ನು ಕೆಲಸಕ್ಕೆ ಕರೆದಿಲ್ಲ. ನನ್ನನ್ನು ಕಂಡು ಎದ್ದು ನಿಂತಳು. ಕೆಮ್ಮು ನಿಂತ ಮೇಲೆ ಕೇಳಿದ ಮೊದಲ ಮಾತು, ‘ಸರ್, ಸಾರಿಕಾ ಹೆಂಗದಾಳ್ರಿ?’

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಹೇಳಿಬಿಟ್ಟೆ. ಸಿಮ್ ಕೊಂಡದ್ದು, ಫೋಟೋ ಕಳಿಸಿದ್ದು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದರೆ ಹಗುರಾಗಬಹುದು ಎಂಬ ಆಸೆಯಿತ್ತು. ಅವಳು ಕಟ್ಟಿದ ಬೀಡಿಗಳನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು: ‘ನನಗ ಹೇಳಿ ಹಗರ ಆಗಬ್ಯಾಡ್ರಿ ಸರ್. ಆಕಿಗೆ ಹೇಳ್ರಿ. ಬರದು ಹೇಳ್ರಿ. ಬಾಯಿಲೆ ಹೇಳಿದ್ರ ನೀವು ಆಕಿನ್ನ ನಗಸ್ತೀರಿ, ಆಕಿ ನಕ್ಕು ಬಿಡ್ತಾಳ. ಹದಿಮೂರು ವರ್ಸದಿಂದ ನೋಡೇನಿ.’

ನನ್ನ ಪದಚಮತ್ಕಾರಕ್ಕೆ ಇಷ್ಟು ಸರಿಯಾದ ವಿಮರ್ಶೆಯನ್ನು ಯಾವ ಪ್ರಾಧ್ಯಾಪಕರೂ ಬರೆಯಲಾರರು.

ಅಲ್ಲಿಂದ ಮನೆಗೆ ಬಂದು, ಶಾಲು ಎತ್ತಿಕೊಂಡು ಬಾಳಾಸಾಬನ ಅಂಗಡಿಗೆ ಹೋದೆ. ಮೊಬೈಲಿನಲ್ಲಿ ಫುಟ್‌ಬಾಲ್ ಮೈದಾನದ ಫೋಟೋ ತೋರಿಸಿದೆ. ಸಾವಿರ ಜನ ಹಸಿರು, ಬಿಳಿ, ಕಿತ್ತಳೆ ಹಿಡಿದು ಕುಣಿಯುತ್ತಿದ್ದರು. ಅವನು ಫೋನನ್ನು ಅಡ್ಡ ಮಾಡಿ, ಉದ್ದ ಮಾಡಿ ನೋಡಿದ. ‘ಅಂದ್ರ ನಾವು ಪರದೇಶದ ಝಂಡಾ ಕೊಯ್ಸೇವೇನ್ರಿ? ಅವರು ಕೇಸ್ ಹಾಕ್ತಾರೇನ್ರಿ?’ ಹಾಕುವುದಿಲ್ಲ, ಅವರು ತಮ್ಮ ಧ್ವಜವನ್ನು ಟೋಪಿಗೂ ಕಾಲುಚೀಲಕ್ಕೂ ಹಾಕಿಕೊಂಡು ಖುಷಿಪಡುವ ಜನ ಎಂದೆ. ಅದನ್ನು ನಂಬಲು ಅವನಿಗೆ ಇನ್ನೂ ಕಷ್ಟವಾಯಿತು. ನಾವು ತಲೆಯ ಮೇಲಿಟ್ಟು ಪ್ರೀತಿಸುವುದನ್ನು ಅವರು ಮೈತುಂಬ ಹೊದ್ದು ಪ್ರೀತಿಸುತ್ತಾರೆ ಎಂದೆ. ಅವನು ಫೋನು ನನ್ನ ಕೈಗಿಟ್ಟು ಕೇಳಿದ: ‘ಸರ್, ಅವತ್ತ ಯಾಕ ಹೇಳಲಿಲ್ರಿ?’

ಮೂವತ್ತು ಜನ ಬಂದರೂ ಹೆದರದವನು ಆ ಒಂದು ಪ್ರಶ್ನೆಗೆ ಹೆದರಿದೆ. ಫೋಟೋ ಕಳಿಸಿದವನೂ ನಾನೇ ಎಂದೆ. ಶಾಲು ಹಿಂದಿರುಗಿಸಲು ಹೋದರೆ ಅವನು ಕೈಮುಗಿದು, ‘ಬ್ಯಾಡ್ರಿ, ಮಂಡಳದ ಮರ್ಯಾದಿ ಹೋಗ್ತೈತಿ. ಮನ್ಯಾಗ ಇರ್ಲಿ’ ಎಂದ. ಆ ಶಾಲು ಈಗ ತೊಗಲಿನ ರಾಶಿಗೆ ಧೂಳು ಕೂರದಂತೆ ಮುಚ್ಚಿದೆ. ಮರುದಿನ ಬಾಳಾಸಾಬ ತಾನಾಗಿಯೇ ಬಂದು ಅಂಗಳದ ಬಾಗಿಲಲ್ಲಿ ನಿಂತು, ಇನ್ನು ಯಾರೂ ಬರುವುದಿಲ್ಲ, ಬಾಯಾರಿಗೆ ತಿಳಿಸಿ ಎಂದು ಹೇಳಿಹೋದ. ತಿಳಿಸಿದ್ದೇನೆ.

ಕಾನರ್‌ಗೆ ಇದ್ದದ್ದನ್ನು ಇದ್ದಂತೆ ಬರೆದೆ. ಮೇ ಇಪ್ಪತ್ತರೊಳಗೆ ಕಳಿಸಿದರೆ ಸಾಕು ಎಂದಿದ್ದಾನೆ. ಫೋಟೋ ಕಳಿಸಿದವನು ನಾನೆಂದು ತಿಳಿದ ಮೇಲೆ ಎಂಟು ಹೆಂಗಸರು ಮತ್ತೆ ಬಂದಿದ್ದಾರೆ, ತುಳಸವ್ವನೇ ಕರೆತಂದಳು. ಅಟ್ಟೆಗಳಿಗೆ ಏನೂ ಆಗಿರಲಿಲ್ಲ, ಹೆಣಿಗೆ ಮಾತ್ರ ಹೊಸತು ಬೇಕು. ಶಾಲೆಗೆ ಬೇಸಿಗೆಯ ರಜೆ. ನಾನೂ ಕಲಿಯುತ್ತಿದ್ದೇನೆ. ಮೊದಲ ದಿನ ಹೆಣೆದದ್ದನ್ನು ತುಳಸವ್ವ ಎತ್ತಿ ಹಿಡಿದು, ‘ಸರ್, ಇದು ಯಾವ ದೇಶದ್ದು?’ ಎಂದಳು. ಹೆಂಗಸರೆಲ್ಲ ನಕ್ಕರು, ಅಂಗಳದಲ್ಲಿ ಆ ಸದ್ದು ಕೇಳಿ ಬಹಳ ದಿನವಾಗಿತ್ತು. ಮೂರೆಳೆ ಸಮನಾಗಿ ಎಳೆಯುವುದು ಎಷ್ಟು ಕಷ್ಟವೆಂದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಒಂದನ್ನು ಬಿಗಿ ಹಿಡಿದರೆ ಇನ್ನೊಂದು ಸೊಟ್ಟಗಾಗುತ್ತದೆ. ನಾನು ಬದುಕಿಡೀ ಒಂದೇ ಎಳೆ ಜಗ್ಗಿದವನು.

ಒಂದು ಬಾಕಿಯಿದೆ. ನವೆಂಬರಿನಲ್ಲಿ ಕಾನರ್ ಬರೆದು, ನಾನು ‘ಚಲೋ ಐತಂತೆ’ ಎಂದು ಮುಗಿಸಿದ ಮೇಲ್‌ನ ಪೂರ್ತಿ ಅನುವಾದ ಇದು. ಒಂದು ಪದವನ್ನೂ ಬಿಟ್ಟಿಲ್ಲ:

‘ಪ್ರಿಯ ಸಾರಿಕಾ, ನೀವು ಬಿಟ್ಟುಹೋದ ಜೋಡನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಲವತ್ತು ವರ್ಷ ತೊಗಲಿನ ವ್ಯಾಪಾರ ಮಾಡಿದ್ದೇನೆ. ನಿಮ್ಮ ಹೆಣಿಗೆ ಎಲ್ಲಿ ಕೊನೆಯಾಗುತ್ತದೆ, ಗಂಟು ಎಲ್ಲಿದೆ ಎಂದು ಮೂರು ದಿನ ಹುಡುಕಿದೆ. ಸಿಗಲಿಲ್ಲ. ಇದನ್ನು ಎಲ್ಲಿ ಕಲಿತಿರಿ ಎಂದು ಇಲ್ಲಿ ನಾವು ದುಭಾಷಿಯ ಮೂಲಕ ಕೇಳಿದಾಗ ನೀವು, ಮನೆಯಲ್ಲಿ ನನ್ನ ಗಂಡ ಇನ್ನೂ ಚೆನ್ನಾಗಿ ಕತ್ತರಿಸುತ್ತಾರೆ, ಅವರು ಜಗತ್ತನ್ನೆಲ್ಲ ಬಲ್ಲರು ಎಂದಿರಿ. ಅವರನ್ನೂ ಒಮ್ಮೆ ನೋಡಬೇಕೆಂಬ ಆಸೆ ನನಗೆ.’

ನೀನು ಅಲ್ಲಿ ಹಾಗೆ ಹೇಳಿದ್ದೆ. ಅದನ್ನು ಓದಿಯೂ ನಾನು ಸಿಮ್ ಕೊಂಡೆ.

ಬಾ ಎಂದು ಕರೆಯುವುದಿಲ್ಲ. ಕರೆಯುವ ಹಕ್ಕನ್ನು ರಂಪಿಗೆಯಿಂದ ನಾನೇ ಕೊಯ್ದುಕೊಂಡಿದ್ದೇನೆ. ಗುರುವಾರ ಬೆಳಗಿನ ಬಸ್ಸಿಗೆ ತುಳಸವ್ವ ಮಂಗಸೂಳಿಗೆ ಬರುತ್ತಾಳೆ. ಅವಳ ಚೀಲದಲ್ಲಿ ನೂರಿಪ್ಪತ್ತು ಜೋಡಿನ ಹೆಣಿಗೆ ಇರುತ್ತದೆ, ಎಲ್ಲದರ ಕೊನೆಯೂ ಬಿಚ್ಚಿದೆ. ಆ ಕಾಣದ ಗಂಟು ನಿನ್ನ ಬೆರಳಿಗಲ್ಲದೆ ಯಾರಿಗೂ ಬಾರದು. ಹಾಕುವುದಾದರೆ ಹಾಕಿ ಕಳಿಸು, ಹನ್ನೆರಡು ಮಂದಿಗಾಗಿ. ಹಾಕದಿದ್ದರೆ ಹಾಗೆಯೇ ಕಳಿಸು, ಕಾನರ್‌ಗೆ ಕಾರಣವನ್ನು ನಾನು ಬರೆಯುತ್ತೇನೆ, ಪೂರ್ತಿಯಾಗಿ. ತುಳಸವ್ವನಿಗೆ ಮಾತ್ರ ಮೊದಲು ಒಂದು ಲೋಟ ನೀರು ಕೊಡು. ಬಸ್ಸಿನಲ್ಲಿ ಕೆಮ್ಮಿರುತ್ತಾಳೆ.

ಸಪನಾಳಿಗೆ, ಅಪ್ಪ ಹೆಣಿಗೆ ಕಲಿಯುತ್ತಿದ್ದಾನೆ ಎಂದಷ್ಟೇ ಹೇಳು.

ಇನ್ನೂ ನಿನ್ನವನೋ ಅಲ್ಲವೋ ತಿಳಿಯದ,
ಸಮಾಧಾನ

ಮ.ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಇಲಿಗಳ ಮಾತು ಸುಳ್ಳು. ಯುಗಾದಿಯ ದಿನ ಫೋಟೋ ಕಳಿಸುವ ಮೊದಲೇ ಟ್ರಂಕು ತೆಗೆದು ಐರ್ಲೆಂಡಿನ ಆ ಹಾಳೆಯನ್ನು ಹರಿದಿಟ್ಟೆ, ನೀನು ಪುಸ್ತಕ ತರಲು ಓಡುತ್ತೀ ಎಂದು ಗೊತ್ತಿದ್ದರಿಂದ. ಬಾಳಾಸಾಬ ಪುಸ್ತಕ ತಿರುವುವುದನ್ನು ನೀನು ಅಂಗಳದಲ್ಲಿ ನಿಂತು ನೋಡುತ್ತಿದ್ದಾಗ ಅದು ಮಡಿಚಿಕೊಂಡು ನನ್ನ ಅಂಗಿಯ ಜೇಬಿನಲ್ಲಿತ್ತು. ಇದನ್ನು ತುಳಸವ್ವನಿಗೂ ಬಾಳಾಸಾಬನಿಗೂ ಹೇಳಿಲ್ಲ. ಹಾಳೆ ಇದರೊಳಗಿದೆ. ಈ ಬದಿಗೆ ಐರ್ಲೆಂಡ್, ನೀನು ಹೇಳಿದ್ದು ಖರೇ ಎಂಬುದಕ್ಕೆ. ತಿರುವಿ ನೋಡು: ಅದನ್ನು ಹರಿಯುವ ಅವಸರದಲ್ಲಿ ಹಿಂದಿನ ಬದಿಗೆ ಏನಿದೆಯೆಂದು ನಾನು ನೋಡಿರಲಿಲ್ಲ. ಇಂಡಿಯಾ. ಎಳೆದಾಗ ಹಾಳೆಗೆ ಬಿದ್ದ ಸೀಳು ನಡುವಿನ ಬಿಳಿಯ ಮೇಲೆಯೇ ಹಾದುಹೋಗಿದೆ. ಅಂಟಿಸಲು ನೋಡಿದೆ, ನನ್ನ ಕೈಯಿಂದ ಆಗಲಿಲ್ಲ.